ಪೈಥಾನ್ ಟೆಸ್ಟಿಗೆ ಆ್ಯಪಾ, ಆಟೋ ಚೆಕ್ ಸೈಟಾ, ಜೆರಾಕ್ಸ್ ಹಾಳೆನಾ: ಮೂರೂ ಟ್ರೈ ಮಾಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಜೆರಾಕ್ಸ್ ಹಾಳೆಗೆ. ಸಾಯಂಕಾಲ ಮನೇಲಿ ಹದಿನಾಲ್ಕು ಮಕ್ಕಳಿಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹೇಳ್ಕೊಡ್ತೀನಿ, ಎಲ್ಲಾ ಪಿಯುಸಿ, ಡಿಪ್ಲೊಮಾ ಓದೋರು, ಕೆಲವರಿಗೆ ಅಪ್ಪ ಕೆಲಸದಿಂದ ಬಂದ್ಮೇಲೇನೇ ಫೋನ್ ಕೈಗೆ ಸಿಗೋದು. ವೇರಿಯಬಲ್ (ಬೆಲೆ ಇಟ್ಕೊಳ್ಳೋ ಹೆಸರು), ಇಫ್ (ಷರತ್ತು), ಲೂಪ್ (ಅದೇ ಸಾಲುಗಳನ್ನ ಮತ್ತೆ ಮತ್ತೆ ಓಡಿಸೋದು) ಮುಗಿದ್ಮೇಲೆ ಯಾರ ತಲೆಗೆ ಎಷ್ಟು ಹೋಗಿದೆ ಅಂತ ನೋಡ್ಬೇಕಿತ್ತು. ದುಡ್ಡು ಕೊಟ್ಟು ತಗೊಂಡ ಎಂಸಿಕ್ಯೂ ಆ್ಯಪ್ (ಕೊಟ್ಟಿರೋ ಉತ್ತರಗಳಲ್ಲಿ ಸರಿಯಾದ್ದನ್ನ ಒತ್ತೋದು), ಕೋಡ್ ಸಬ್ಮಿಟ್ ಮಾಡಿದ್ರೆ ತಾನೇ ಚೆಕ್ ಮಾಡೋ ಫ್ರೀ ಸೈಟು, ಕೊನೆಗೆ ಹಾಳೆ-ಪೆನ್ನು, ಮೂರನ್ನೂ ಬಳಸಿ ನೋಡ್ದೆ.

ಆ್ಯಪ್‌ಗೆ ವರ್ಷಕ್ಕೆ 1,499 ರೂಪಾಯಿ. ಹೆಸರು ಬೇಡ. ಲ್ಯಾಪ್‌ಟಾಪಲ್ಲಿ ಹತ್ತಿಪ್ಪತ್ತು ಪ್ರಶ್ನೆ ನೋಡ್ದೆ, ಚೆನ್ನಾಗಿತ್ತು, ದುಡ್ಡು ಕಟ್ಟಿದೆ. ಮಕ್ಕಳು ಬರೆದಿದ್ದು ಫೋನಲ್ಲಿ. ಮೊದಲ್ನೇ ಟೆಸ್ಟಲ್ಲೇ ಒಂದು ಹುಡುಗಿ, ಕ್ಲಾಸಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಹೇಳೋಳು, ಲೂಪಿನ ನಾಲ್ಕು ಪ್ರಶ್ನೆನೂ ತಪ್ಪು ಮಾಡ್ಕೊಂಡು ಬಂದು "ಮಿಸ್, ನಂಗೆ ಲೂಪ್ ಬರಲ್ಲ ಅನ್ಸುತ್ತೆ" ಅಂದ್ಲು. ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು.

ಅವಳ ಫೋನ್ ತಗೊಂಡು ನೋಡ್ದೆ. ಪ್ರಶ್ನೆ ಬಹಳ ಸರಳ: ಟೋಟಲ್ ಸೊನ್ನೆ, ಐ 1ರಿಂದ 3ರವರೆಗೆ ಲೂಪು, ಟೋಟಲ್‌ಗೆ ಐ ಕೂಡಿಸೋದು, ಕೊನೇ ಸಾಲು ಪ್ರಿಂಟ್. ಆದ್ರೆ ಫೋನಲ್ಲಿ ಎಲ್ಲಾ ಸಾಲೂ ಎಡಗಡೆಗೆ ಅಂಟ್ಕೊಂಡು ನಿಂತಿದ್ವು, ಲೂಪಿನ ಒಳಗಿನ ಸಾಲುಗಳ ಶುರುವಲ್ಲಿ ಇರ್ಬೇಕಾದ ಖಾಲಿ ಜಾಗ ಪೂರ್ತಿ ಮಾಯ. ಸಿ ಭಾಷೇಲಾದ್ರೆ ಬ್ರ್ಯಾಕೆಟ್ ನೋಡಿ ಲೂಪ್ ಎಲ್ಲಿ ಮುಗೀತು ಅಂತ ಗೊತ್ತಾಗುತ್ತೆ, ಪೈಥಾನಲ್ಲಿ ಆ ಖಾಲಿ ಜಾಗವೇ ಬ್ರ್ಯಾಕೆಟ್ ಇದ್ದಂಗೆ, ಅದನ್ನ ಅಳಿಸಿಬಿಟ್ರೆ ಪ್ರೋಗ್ರಾಮಿನ ಅರ್ಥನೇ ಹೋಯ್ತು. ಪ್ರಿಂಟ್ ಲೂಪಿನ ಒಳಗಿದ್ರೆ 1, 3, 6 ಅಂತ ಮೂರು ಸಲ ಬರುತ್ತೆ, ಹೊರಗಿದ್ರೆ ಬರೀ 6. ಆಪ್ಷನ್‌ನಲ್ಲಿ ಎರಡೂ ಇದ್ವು. ಅವಳು ಒಳಗಿದೆ ಅಂದ್ಕೊಂಡು 1, 3, 6 ಒತ್ತಿದ್ಲು, ಆ್ಯಪ್ ಪ್ರಕಾರ ಸರಿಯುತ್ತರ 6. ಇನ್ನೊಬ್ಬ ಹುಡುಗ "ಎರರ್ ಬರುತ್ತೆ" ಅಂತ ಒತ್ತಿದ್ದ, ಸ್ಕ್ರೀನಲ್ಲಿ ಕಾಣ್ತಿದ್ದ ಕೋಡನ್ನ ಹಂಗೇ ರನ್ ಮಾಡಿದ್ರೆ ಪೈಥಾನ್ ಇಂಡೆಂಟೇಶನ್ ಎರರ್ (ಖಾಲಿ ಜಾಗ ಸರಿಯಿಲ್ಲ) ಅಂತಾನೇ ಹೇಳೋದು, ಅಂದ್ರೆ ಹದಿನಾಲ್ಕು ಜನರಲ್ಲಿ ಕಣ್ಣಿಗೆ ಕಂಡಿದ್ದನ್ನ ಸರಿಯಾಗಿ ಓದಿದೋನು ಅವನೊಬ್ಬನೇ, ಅವನಿಗೂ ಸೊನ್ನೆ.

ಮೇಲ್ ಹಾಕ್ದೆ. ಫೋನ್ ಅಡ್ಡ ಹಿಡ್ಕೊಂಡು ನೋಡಿ ಅಂದ್ರು. ನೋಡಿದ್ವಿ, ಹಂಗೇ ಇತ್ತು. ರೀಫಂಡ್ ಕೇಳಿದ್ರೆ ಏಳು ದಿನ ದಾಟಿದೆ ಅಂತ ಉತ್ತರ ಬಂತು. ದುಡ್ಡಿಗಿಂತ ಜಾಸ್ತಿ ಸಂಕಟ ಆಗಿದ್ದು ಆ ಹುಡುಗಿ ಒಂದು ವಾರ ಬಾಯೇ ಬಿಡ್ಲಿಲ್ಲ ಅನ್ನೋದಕ್ಕೆ.

ಆಟೋ ಚೆಕ್ ಸೈಟು ಕೆಟ್ಟದ್ದಲ್ಲ, ಕಾಸೂ ಇಲ್ಲ. ಆದ್ರೆ ಹೊಸಬರು ಇನ್ಪುಟ್ ತಗೊಳ್ಳುವಾಗ "ಸಂಖ್ಯೆ ಕೊಡಿ" ಅಂತ ಒಂದು ಸಾಲು ಹಾಕೇ ಹಾಕ್ತಾರೆ, ಹಂಗೇ ಬರೀರಿ ಅಂತ ನಾವೇ ಕಲಿಸಿರ್ತೀವಿ, ಆ ಸಾಲೂ ಔಟ್‌ಪುಟ್‌ನಲ್ಲಿ ಸೇರ್ಕೊಂಡು ಉತ್ತರ ಮ್ಯಾಚ್ ಆಗದೆ ಲೆಕ್ಕ ಸರಿಯಿದ್ರೂ ತಪ್ಪು ಅಂತ ತೋರ್ಸುತ್ತೆ. ಕೋಡ್ ಬರೆಯೋದು ಒಂದ್ಮಟ್ಟಿಗೆ ರೂಢಿ ಆದ್ಮೇಲೆ ಇದು ಒಳ್ಳೇದು, ಅದಕ್ಕೆ ಮುಂಚೆ ಬೇಡ.

ಈಗ ಹಾಳೆ. ಮೊದಲ್ನೇ ಪ್ರಶ್ನೆ ಯಾವಾಗ್ಲೂ ಇದೇ: ಎ = 10, ಬಿ = 20, ಆಮೇಲೆ ಎ = ಬಿ. ಈಗ ಎರಡರಲ್ಲೂ ಎಷ್ಟಿದೆ? ಬಿಯಲ್ಲಿರೋದು ಎಗೆ ನಕಲಾಗುತ್ತೆ ಅಷ್ಟೇ, ಹಾಗಾಗಿ ಎರಡರಲ್ಲೂ 20. ಮೂರು ಜನ ಬಿ ಸೊನ್ನೆ ಅಂತ ಬರೆದ್ರು, ಒಂದು ಚೊಂಬಿನ ನೀರನ್ನ ಇನ್ನೊಂದಕ್ಕೆ ಸುರಿದಂಗೆ ಅಂದ್ಕೊಂಡಿದ್ರು. ಇಬ್ಬರು ಅದಲುಬದಲು ಆಗುತ್ತೆ ಅಂದ್ರು. ಇಂಥ ಪ್ರಶ್ನೆ ಇಟ್ಕೊಂಡೇ ಇಂಗ್ಲೆಂಡಿನ ಸಯೀದ್ ದೆಹ್ನಾದಿ, ರಿಚರ್ಡ್ ಬೋರ್ನಾಟ್ ಅನ್ನೋರು 2006ರಲ್ಲಿ ಯಾರಿಗೆ ಪ್ರೋಗ್ರಾಮಿಂಗ್ ಬರುತ್ತೆ ಯಾರಿಗೆ ಬರಲ್ಲ ಅಂತ ಪಾಠಕ್ಕೆ ಮುಂಚೆನೇ ಹೇಳ್ಬಹುದು ಅಂದಿದ್ರು, 2014ರಲ್ಲಿ ಬೋರ್ನಾಟ್ ಅವರೇ ಆ ಮಾತು ವಾಪಸ್ ತಗೊಂಡ್ರು. ಹಾಗಾಗಿ ನಾನು ಮಕ್ಕಳನ್ನ ಜರಡಿ ಹಿಡಿಯೋಕೆ ಇದನ್ನ ಬಳಸಲ್ಲ, ಮುಂದಿನ ಪಾಠ ಎಲ್ಲಿಂದ ಶುರು ಮಾಡ್ಬೇಕು ಅಂತ ನೋಡ್ಕೊಳ್ಳೋಕೆ ಅಷ್ಟೇ.

ಎರಡನೇದು ಟ್ರೇಸ್ ಟೇಬಲ್. ಐಗೆ ಒಂದು ಕಾಲಮ್ಮು, ಟೋಟಲ್‌ಗೆ ಒಂದು, ಲೂಪಿನ ಒಂದೊಂದು ಸುತ್ತಿಗೂ ಒಂದೊಂದು ಸಾಲು. ರೇಂಜ್ (ಐ ಎಲ್ಲಿಂದ ಎಲ್ಲಿ ತನಕ ಹೋಗ್ಬೇಕು ಅಂತ ಹೇಳೋದು) 1, 4 ಅಂತ ಕೊಟ್ರೆ ನಾಲ್ಕು ಜನ ಐ 4 ಅಂತ ಒಂದು ಸಾಲು ಜಾಸ್ತಿ ಬರೆದು ಟೋಟಲ್ 10 ಮಾಡಿದ್ರು. ಕೂಡಿಸೋದು ಸರಿ, ಲೂಪೂ ಸರಿ, ರೇಂಜು ಕೊನೇ ಸಂಖ್ಯೆ ಮುಟ್ಟಲ್ಲ ಅನ್ನೋದೊಂದೇ ಗೊತ್ತಿರ್ಲಿಲ್ಲ. ಎಂಸಿಕ್ಯೂನಲ್ಲಿ ಇದು ಬರೀ ಕೆಂಪು ಗುರುತು, ಇಲ್ಲಿ ಯಾವ ಸಾಲಲ್ಲಿ ಎಡವಿದ್ರು ಅಂತ ಕಣ್ಣಿಗೇ ಕಾಣುತ್ತೆ.

ಮೂರನೇದು ಚೀಟಿ. ಪ್ರೋಗ್ರಾಮಿನ ಸಾಲುಗಳನ್ನ ಕತ್ತರಿಸಿ ಕಲೆಸಿ ಕೊಡೋದು, ಅವರು ಜೋಡಿಸ್ಬೇಕು. ಪಾರ್ಸನ್ಸ್ ಪ್ರಾಬ್ಲಮ್ ಅಂತಾರೆ ಇದಕ್ಕೆ, 2006ರಲ್ಲಿ ನ್ಯೂಜಿಲೆಂಡಿನ ಇಬ್ಬರು ಶುರು ಮಾಡಿದ್ದು. ನಾನು ಗ್ರಾಫ್ ಹಾಳೆ ಮೇಲೆ ಜೋಡಿಸೋಕೆ ಹೇಳ್ತೀನಿ, ನಾಲ್ಕು ಚೌಕ ಬಲಕ್ಕೆ ಸರಿಸಿದ್ರೆ ಲೂಪಿನ ಒಳಗೆ ಅಂತ ಲೆಕ್ಕ. ಅದೇ ಹುಡುಗಿ ಪ್ರಿಂಟ್ ಚೀಟಿನ ಮೊದಲು ಹೊರಗಿಟ್ಟು "6" ಅಂದ್ಲು, ಆಮೇಲೆ ಬೆರಳಲ್ಲೇ ಒಳಗೆ ತಳ್ಳಿ "1, 3, 6" ಅಂತ ನನ್ನ ಮುಖ ನೋಡಿದ್ಲು.

ಹಾಳೇಲೂ ಕಷ್ಟ ಇದೆ. ತಿದ್ದೋಕೆ ಮುಕ್ಕಾಲು ಗಂಟೆ, ಚೀಟಿ ಕತ್ತರಿಸೋ ಕೆಲಸ ಬೇರೆ, ಫ್ಯಾನ್ ಹಾಕಂಗಿಲ್ಲ. ಅರವತ್ತು ಮಕ್ಕಳಿರೋ ಕ್ಲಾಸಿಗೆ ಇದು ಆಗೋ ಮಾತಲ್ಲ. ನನಗೆ ಹದಿನಾಲ್ಕೇ ಜನ, ರಾತ್ರಿ ಊಟ ಆದ್ಮೇಲೆ ಪೆನ್ನು ಹಿಡ್ಕೊಂಡು ಕೂರೋ ಅಭ್ಯಾಸನೂ ಇದೆ. ನಮ್ಮ ಬೀದೀಲಿ ಒಂದು ಜೆರಾಕ್ಸ್ 2 ರೂಪಾಯಿ, ಒಂದು ಟೆಸ್ಟಿಗೆ 28, ಆ್ಯಪ್‌ಗೆ ಕೊಟ್ಟ ದುಡ್ಡಲ್ಲಿ 53 ಟೆಸ್ಟ್ ಮಾಡ್ಬಹುದಿತ್ತು, ಅಂದ್ರೆ ವಾರಕ್ಕೊಂದರಂತೆ ಇಡೀ ವರ್ಷ. ಆದ್ರೂ ಆ್ಯಪೇ ಬೇಕು ಅನ್ನೋರು ನಿಮ್ಮ ಲ್ಯಾಪ್‌ಟಾಪಲ್ಲಿ ನೋಡಿ ದುಡ್ಡು ಕಟ್ಬೇಡಿ, ಒಬ್ಬ ವಿದ್ಯಾರ್ಥಿಯ ಫೋನ್ ಇಸ್ಕೊಂಡು ಅದರಲ್ಲಿ ಒಂದು ಲೂಪಿನ ಪ್ರಶ್ನೆ ತೆಗೆದು ನೋಡಿ.