ಐಡಿ-ಆರ್ಟ್ ಆ್ಯಪ್: ವರದಿಗಾರರಿಗೆ ಎಷ್ಟು ಉಪಯೋಗ?

ಕಲೆಯ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ಯಾವುದೋ ಚಿತ್ರ ಕದ್ದ ಮಾಲು ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು ಹೇಳುವ ವರದಿ ಬಂದರೆ ಮೊದಲು ತೆರೆಯುವುದು ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ ಇಂಟರ್‌ಪೋಲ್‌ನ ಐಡಿ-ಆರ್ಟ್ ಆ್ಯಪ್. 2021ರಲ್ಲಿ ಬಂತು, ದುಡ್ಡು ಕೊಡಬೇಕಿಲ್ಲ. ಆಗ 134 ದೇಶಗಳಿಂದ ಕಳುವಾದ ಸುಮಾರು 52,000 ವಸ್ತುಗಳ ಪಟ್ಟಿ ಇದರಲ್ಲಿತ್ತು. ಮೊದಲು ಈ ಪಟ್ಟಿ ನೋಡಲು ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕಿತ್ತು. ಈಗ ಫೋಟೊ ಹಾಕಿ ಹುಡುಕಬಹುದು, ಇಲ್ಲವೇ ಕಲಾವಿದನ ಹೆಸರು, ವಸ್ತುವಿನ ಬಗೆ ಕೊಟ್ಟು ಹುಡುಕಬಹುದು. ಗಾಜಿನ ಹೊಳಪು ಬಿದ್ದ ಫೋಟೊ ಕೊಡಬೇಡಿ. ನೇರವಾಗಿ ನಿಂತು ತೆಗೆದದ್ದೇ ಒಳ್ಳೆಯದು.

ಪಟ್ಟಿಯಲ್ಲಿ ಸಿಕ್ಕಿತೋ, ವರದಿಗೆ ಗಟ್ಟಿ ಆಧಾರ ಸಿಕ್ಕಂತೆ. ಸಿಗದಿದ್ದಾಗಲೇ ತೊಂದರೆ ಶುರು. ‘ಇಂಟರ್‌ಪೋಲ್ ಪಟ್ಟಿಯಲ್ಲಿಲ್ಲ, ಹಾಗಾಗಿ ಆರೋಪ ಸುಳ್ಳು’ ಅಂತ ಬರೆದು ಕಳಿಸುತ್ತಾರೆ. ಇದು ತಪ್ಪು, ಓದುಗರಿಗೆ ಮಾಡುವ ಮೋಸ ಕೂಡ. ಪೊಲೀಸರಂಥ ಅಧಿಕೃತರು ಪೂರ್ತಿ ಗುರುತಿನ ಸಮೇತ ಕಳಿಸಿದ ವಸ್ತು ಮಾತ್ರ ಈ ಪಟ್ಟಿ ಸೇರುತ್ತದೆ. ಕದ್ದುಮುಚ್ಚಿ ನೆಲ ಅಗೆದು ತೆಗೆದ ವಿಗ್ರಹಕ್ಕೆ ಫೋಟೊ ಎಲ್ಲಿಂದ ಬರಬೇಕು?

ತಮಿಳುನಾಡಿನ ಶ್ರೀಪುರಂದಾನ್ ದೇವಸ್ಥಾನದಿಂದ ಕಳುವಾದ ನಟರಾಜನನ್ನೇ ನೋಡಿ. ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 2008ರಲ್ಲಿ 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತು. ಕೊಳ್ಳುವ ಮೊದಲು ಕಳುವಿನ ಪಟ್ಟಿಯಲ್ಲಿ ಹುಡುಕಿಸಿಯೂ ಇತ್ತು. ಅಲ್ಲಿ ಏನೂ ಸಿಗಲಿಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಹಳೆಯ ಫೋಟೊಗಳಲ್ಲಿ ಅದೇ ವಿಗ್ರಹ ಇತ್ತು. ಆ ಹಳೆಯ ಫೋಟೊ, ಗ್ಯಾಲರಿಯಲ್ಲಿದ್ದ ವಿಗ್ರಹದ ಫೋಟೊ ಪಕ್ಕಪಕ್ಕ ಇಟ್ಟು ಜನರಿಗೆ ತೋರಿಸಿದ್ದರಿಂದ ಕದ್ದದ್ದು ಅನ್ನಲು ಆಧಾರ ಇಲ್ಲ ಅನ್ನುವ ಗ್ಯಾಲರಿಯ ವಾದ ನಿಲ್ಲಲಿಲ್ಲ. 2014ರಲ್ಲಿ ನಟರಾಜ ವಾಪಸ್ ಬಂದ. ಕೋರ್ಟ್ ತೀರ್ಪು ಬರುವ ತನಕ ಪತ್ರಿಕೆಗಳು ಸುಮ್ನೆ ಇರಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನಕಲಿ ಚಿತ್ರದ ವಿಚಾರಕ್ಕೆ ಈ ಆ್ಯಪ್ ಉಪಯೋಗಕ್ಕೆ ಬರುವುದಿಲ್ಲ. ಅದು ಇದರ ಕೆಲಸವೂ ಅಲ್ಲ. ಅಲ್ಲಿ ಕಣ್ಣು ಬೇಕು, ತಾಳ್ಮೆ ಬೇಕು. 2022ರಲ್ಲಿ ಅಮೆರಿಕದ ಒರ್ಲಾಂಡೊ ಮ್ಯೂಸಿಯಂ ಹೆಸರಾಂತ ಅಮೆರಿಕನ್ ಚಿತ್ರಕಾರ ಬಾಸ್ಕಿಯಾನದ್ದು ಅಂತ 25 ಚಿತ್ರಗಳನ್ನು ತೂಗುಹಾಕಿತು. ಎಲ್ಲವೂ 1982ರ ಸುಮಾರಿಗೆ ರಟ್ಟಿನ ಮೇಲೆ ಬರೆದವು ಅನ್ನುವುದು ಮಾಲೀಕರ ಮಾತು. ನ್ಯೂಯಾರ್ಕ್ ಟೈಮ್ಸ್ ಒಂದು ರಟ್ಟಿನ ಹಿಂಭಾಗ ನೋಡಿತು. ಕೊರಿಯರ್ ಕಂಪನಿ ಫೆಡ್‌ಎಕ್ಸ್‌ನ ಲೇಬಲ್ ಎಲ್ಲಿ ಅಂಟಿಸಬೇಕು ಅಂತ ಅಲ್ಲಿ ಅಚ್ಚಾಗಿತ್ತು. ಆ ಅಕ್ಷರ ಶೈಲಿಯನ್ನು ಕಂಪನಿ 1994ಕ್ಕೆ ಮೊದಲು ಬಳಸಿರಲಿಲ್ಲ ಅಂತ ಅದನ್ನು ವಿನ್ಯಾಸ ಮಾಡಿದವರೇ ಹೇಳಿದರು. ಬಾಸ್ಕಿಯಾ ತೀರಿಕೊಂಡದ್ದು 1988ರಲ್ಲಿ! ಪತ್ರಿಕೆ ಮ್ಯೂಸಿಯಂನ ಸಮರ್ಥನೆಯನ್ನೂ ಬರೆಯಿತು, ರಟ್ಟಿನ ವಿಚಾರವನ್ನೂ ಬರೆಯಿತು. ಆಮೇಲೆ ಜೂನ್‌ನಲ್ಲಿ ಎಫ್‌ಬಿಐ ಬಂದು ಚಿತ್ರಗಳನ್ನು ಹೊತ್ತೊಯ್ದಿತು. ‘ಇಬ್ಬರ ಮಾತೂ ಹಾಕಿದ್ದೇವೆ’ ಅಂತ ಕೈತೊಳೆದುಕೊಂಡಿದ್ದರೆ ಆ ರಟ್ಟನ್ನು ಯಾರು ತಿರುಗಿಸಿ ನೋಡುತ್ತಿದ್ದರು?

ಆ್ಯಪ್‌ನಲ್ಲಿ ಇನ್ನೊಂದು ಒಳ್ಳೆಯ ಭಾಗ ಇದೆ, ಜಾಸ್ತಿ ಜನ ಗಮನಿಸುವುದಿಲ್ಲ. ನಿಮ್ಮ ಬಳಿ ಇರುವ ಕಲಾಕೃತಿಯ ಅಳತೆ, ಗುರುತು, ಫೋಟೊ ಎಲ್ಲ ಸೇರಿಸಿ ದಾಖಲೆ ಮಾಡಿಟ್ಟುಕೊಳ್ಳಬಹುದು. ನಾಳೆ ಕಳುವಾದರೆ ಪೊಲೀಸರ ಮುಂದೆ ಇಡಲು ಏನಾದರೂ ಇರುತ್ತದೆ, ಅಲ್ವಾ? ಸಂಗ್ರಹ ಇರುವವರು ಇದೊಂದಕ್ಕೇ ಹಾಕಿಕೊಂಡರೂ ಸಾರ್ಥಕ.

ವರದಿಗಾರರೂ ಹಾಕಿಕೊಳ್ಳಲೇಬೇಕು. ಆದರೆ ನನ್ನ ಡೆಸ್ಕಿಗೆ ‘ಇಂಟರ್‌ಪೋಲ್ ಕ್ಲಿಯರ್ ಮಾಡಿದೆ’ ಅನ್ನುವ ಸಾಲು ಬಂದರೆ ನಾನು ಹೊಡೆದುಹಾಕುತ್ತೇನೆ. ಅದರ ಜಾಗದಲ್ಲಿ ‘ಇಂಥ ದಿನ ಹುಡುಕಿದಾಗ ಪಟ್ಟಿಯಲ್ಲಿ ಸಿಗಲಿಲ್ಲ’ ಅಂತ ಹಾಕುತ್ತೇನೆ. ಕೆಳಗೆ ಆರೋಪ ಮಾಡಿದವರು ಯಾರು, ಅವರ ಕೈಯಲ್ಲಿ ಯಾವ ಕಾಗದ ಇದೆ, ಮಾಲೀಕರು ಯಾವುದನ್ನು ತೋರಿಸಲು ಒಪ್ಪಲಿಲ್ಲ ಅನ್ನುವುದೂ ಬರಬೇಕು.