ಮೂರನೇ ಗೇರು ಮುರಿದ ಕತೆ: ರೇಸ್ ಗೇರ್‌ಬಾಕ್ಸ್ ಮಾಡಿಸೋಕೆ ಹೊರಟವರು ಓದಿ

ನನ್ನ ಮೇಜಿನ ಮೇಲೆ ಒಂದು ಗೇರು ಇದೆ. 41 ಹಲ್ಲು ಇರಬೇಕಿತ್ತು. ಈಗ 34 ಇವೆ. ಉದುರಿದ ಏಳರಲ್ಲಿ ಐದು ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆಯ ಜೊತೆ ಸಿಕ್ಕವು. ಒಂದು ಕೇಸಿಂಗಿಗೇ ಕಚ್ಚಿಕೊಂಡಿತ್ತು. ಇನ್ನೊಂದು ಎಲ್ಲಿ ಹೋಯಿತೋ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯ ಹುಲ್ಲಿಗೇ ಗೊತ್ತು.

ರೇಸಿಗೆ ಅಂತ ಇಲ್ಲೇ ಗೇರು ಕೊಯ್ಯಿಸಲು ಹೊರಟಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ಮಾಡಿಕೊಟ್ಟವರ ಹೆಸರು ಹಾಕುವುದಿಲ್ಲ, ಮೆಸೇಜ್ ಮಾಡಿ ಕೇಳಬೇಡಿ. ಯಾಕೆ ಅಂತ ಓದುತ್ತಾ ತಿಳಿಯುತ್ತದೆ. ಅರ್ಧ ತಪ್ಪು ನನ್ನದೇ.

ಕಾರು ಹಳೇ ಮಾರುತಿ ಎಸ್ಟೀಮ್. 1.3 ಲೀಟರ್ ಎಂಜಿನ್, ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆದು ಮುಚ್ಚಿಸುವ ಶಾಫ್ಟು) ಬದಲಾಯಿಸಿ 7,500 ಆರ್‌ಪಿಎಂ ತನಕ ತಿರುಗೋ ಹಾಗೆ ಮಾಡಿಸಿದ್ದೆ. ತೊಂದರೆ ಏನೆಂದರೆ, ಆ ಕ್ಯಾಮ್ 5,500ರ ಕೆಳಗೆ ನಿದ್ದೆ ಹೊಡೆಯುತ್ತದೆ. ನನ್ನ ಹಳೇ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರಿನ ಅನುಪಾತ ಸುಮಾರು 1.9 (ಎಂಜಿನ್ ಕಡೆಯ ಶಾಫ್ಟು 1.9 ಸುತ್ತು ತಿರುಗಿದರೆ ಚಕ್ರದ ಕಡೆಯದು ಒಂದು ಸುತ್ತು), ಮೂರನೆಯದು ಸುಮಾರು 1.28. ಎರಡರಲ್ಲಿ 7,500ಕ್ಕೆ ಎಳೆದು ಮೂರಕ್ಕೆ ಹಾಕಿದರೆ ಎಂಜಿನ್ 5,050ಕ್ಕೆ ಬೀಳುತ್ತಿತ್ತು. ಪ್ರತಿ ಸಲ ಆ ಗುಂಡಿಯಿಂದ ಹತ್ತಿ ಬರಬೇಕು. ಮೂರನೆಯದನ್ನು 1.46 ಮಾಡಿದರೆ 5,760ರಲ್ಲಿ ನಿಲ್ಲುತ್ತದೆ. ಕಾಗದದ ಮೇಲೆ ಬಹಳ ಚೆಂದದ ಲೆಕ್ಕ.

ಇಂಥ ಡಬ್ಬಿಗಳಲ್ಲಿ ಮೊದಲ ಗೇರಿನ ಸಣ್ಣ ಚಕ್ರ ಶಾಫ್ಟಿನ ಮೇಲೇ ಕೊರೆದಿರುತ್ತದೆ. ಅದನ್ನು ಮುಟ್ಟಿದರೆ ಶಾಫ್ಟೇ ಹೊಸದಾಗಬೇಕು. ಹಾಗಾಗಿ ಒಂದು, ಎರಡನ್ನು ಬಿಟ್ಟು ಮೂರು, ನಾಲ್ಕು, ಐದು ಮಾತ್ರ ಹೊಸದು. ಮೂಲ ಗೇರುಗಳ ಓರೆ ಹಲ್ಲಿನ ಬದಲು ನೇರ ಹಲ್ಲು, ಸಿಂಕ್ರೊ (ಗೇರು ಕೂರುವ ಮುಂಚೆ ವೇಗ ಹೊಂದಿಸುವ ಉಂಗುರ) ಬದಲು ಡಾಗ್ (ನೇರವಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುವ ಗೂಟಗಳು). ಹ್ಯೂಲ್ಯಾಂಡ್, ಕ್ವೈಫ್ ಅಂತ ಇಂಗ್ಲೆಂಡಿನ ಗೇರ್‌ಬಾಕ್ಸ್ ಕಂಪನಿಗಳ ಹೆಸರುಗಳು ನಮ್ಮ ವಲಯದಲ್ಲಿ ಎಲ್ಲರ ಬಾಯಲ್ಲೂ ಇವೆ. ಆದರೆ ಹೊರಗಿನಿಂದ ತರಿಸುವುದಕ್ಕೆ ಸುಂಕ, ಸಾಗಾಟ ಎಲ್ಲ ಸೇರಿಸಿದರೆ ನನ್ನ ಲೆಕ್ಕ ನಾಲ್ಕು ಲಕ್ಷ ದಾಟಿತು. ಕಾರೇ ಅಷ್ಟು ಬಾಳುವುದಿಲ್ಲ.

ಬೆಂಗಳೂರಲ್ಲಿದ್ದುಕೊಂಡು ಗೇರಿಗೆ ಇಂಗ್ಲೆಂಡಿಗೆ ಯಾಕೆ ಹೋಗಬೇಕು, ಪೀಣ್ಯ ಇಲ್ವಾ? ಇದು ನನ್ನ ವಾದ. ಈಗಲೂ ಇದೇ ನನ್ನ ವಾದ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೀಣ್ಯದಲ್ಲಿ ಏನು ಬೇಕಾದರೂ ಆಗುತ್ತದೆ. ಹೇಗೆ ಮಾಡಿಸಬೇಕು ಅಂತ ಗೊತ್ತಿರಬೇಕು, ಅಷ್ಟೇ.

ಗೆಳೆಯನೊಬ್ಬ ಒಂದು ಶೆಡ್ಡಿಗೆ ಕರೆದುಕೊಂಡು ಹೋದ. ಗೇರಿನ ಹಲ್ಲು ಕೊಯ್ಯುವ ಎರಡು ಹಾಬಿಂಗ್ ಮೆಷಿನ್, ಮೂರು ಲೇತು, ಮೂಲೆಯಲ್ಲಿ ಗಣಪತಿ. ಮಾಲೀಕರು ಮಾತಿಗೆ ಬಹಳ ಸಿಹಿ. "ಸ್ಯಾಂಪಲ್ ಕೊಡಿ ಸಾರ್, ಡ್ರಾಯಿಂಗ್ ಎಲ್ಲ ಯಾಕೆ? ನೋಡಿದ್ರೆ ಸಾಕು" ಅಂದರು. ನನಗೂ ಖುಷಿಯಾಯಿತು. ಡ್ರಾಯಿಂಗಿನ ಖರ್ಚು ಉಳಿಯಿತಲ್ಲ! ಉಕ್ಕು ಯಾವುದು ಅಂತ ಕೇಳಿದೆ. "ಇಎನ್ 36 ಸಾರ್, ರೇಸಿಗೆ ಬೇರೆ ಏನೂ ಹಾಕಲ್ಲ ನಾವು" ಅಂತ ಒಂದು ಸರ್ಟಿಫಿಕೇಟ್ ತೋರಿಸಿದರು. ಇಎನ್ 36 ಅಂದರೆ ನಿಕ್ಕಲ್ ಬೆರೆತ ಉಕ್ಕಿನ ಒಂದು ಜಾತಿ. ಮೇಲೆ ಉಕ್ಕಿನ ಕಾರ್ಖಾನೆಯ ಮುದ್ರೆ, ಹೀಟ್ ನಂಬರ್ (ಯಾವ ಸಲ ಕರಗಿಸಿದ ಉಕ್ಕು ಅನ್ನುವ ಗುರುತು), ರಸಾಯನದ ಪಟ್ಟಿ. ಫೋಟೋ ತೆಗೆದುಕೊಂಡೆ. ಆ ಫೋಟೋ ಇವತ್ತಿಗೂ ಫೋನಲ್ಲಿದೆ, ಅದರಿಂದ ಒಂದು ಪೈಸೆ ಉಪಯೋಗ ಇಲ್ಲ.

ಯಾಕೆ ಅಂದರೆ, ಆ ಹೀಟ್ ನಂಬರ್ ಇದ್ದದ್ದು ಕಾಗದದ ಮೇಲೆ. ನನ್ನ ಗೇರಿಗೆ ಕೊಯ್ದ ತುಂಡಿನ ಮೇಲೆ ಏನೂ ಇರಲಿಲ್ಲ. ಉಕ್ಕಿನ ಅಂಗಡಿಯಲ್ಲಿ ಸರಳಿನ ತುದಿಗೆ ಬಣ್ಣ ಬಳಿದಿರುತ್ತಾರೆ, ಯಾವ ಜಾತಿ ಅಂತ ಗುರುತಿಗೆ. ಬಣ್ಣದ ತುದಿ ಕಡಿದು ಹೋದ ಮೇಲೆ ಉಳಿದ ಸರಳು ಬರೀ ಬೂದು ಬಣ್ಣದ ಸರಳು. ಸಾಮಾನ್ಯ ಇಎನ್ 8 ಆಗಲಿ, ಇಎನ್ 36 ಆಗಲಿ, ಕಣ್ಣಿಗೆ ಎರಡೂ ಒಂದೇ.

ಒಟ್ಟು 1,40,000 ರೂಪಾಯಿ. ಮುಂಗಡ 90,000, ನಗದು. ಪಕ್ಕಾ ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಾದ್ರೆ ರೇಟು ಬೇರೆ ಸಾರ್" ಅಂದರು. ಕಚ್ಚಾ ಬಿಲ್ಲಿಗೆ ಒಪ್ಪಿಕೊಂಡೆ. ಅದರಲ್ಲಿ ಬರೆದಿದ್ದು ಇಷ್ಟೇ: "ಗೇರ್ ಸೆಟ್ 1". ಉಕ್ಕಿನ ಹೆಸರಿಲ್ಲ, ದಿನಾಂಕ ಸರಿಯಾಗಿಲ್ಲ. ನಾಳೆ ಎಲ್ಲಿಗಾದರೂ ದೂರು ಕೊಡೋಣ ಅಂದರೆ ತೋರಿಸಲು ಕೈಯಲ್ಲಿ ಏನಿದೆ ಹೇಳಿ?

45 ದಿನ ಅಂದಿದ್ದು ಐದು ತಿಂಗಳಾಯಿತು. ಅದನ್ನು ದೂರುತ್ತಾ ಕೂರುವುದಿಲ್ಲ, ಪೀಣ್ಯದಲ್ಲಿ ಕೆಲಸ ಕೊಟ್ಟವರಿಗೆಲ್ಲ ಅದು ಗೊತ್ತಿರೋದೇ.

ಡೆಲಿವರಿ ದಿನ ನನ್ನ ಕಣ್ಣೆದುರೇ ಗಡಸುತನ ಅಳೆದು ತೋರಿಸಿದರು. ರಾಕ್‌ವೆಲ್ ಮೆಷಿನ್ನಿನ ಮುಳ್ಳು 60ರಲ್ಲಿ ನಿಂತಿತು. ರೇಸ್ ಗೇರಿಗೆ ಮೇಲ್ಮೈ 58ರಿಂದ 62 ಇರಬೇಕು ಅಂತ ಓದಿಕೊಂಡಿದ್ದೆ. ಪಾಸ್! ಬಾಕಿ ಹಣ ಅಲ್ಲೇ ಕೊಟ್ಟು ಬಂದೆ. ನಾನು ಪೂರ್ತಿ ಮೋಸಹೋದದ್ದು ಆ 60ರಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಕರಿ ಟ್ರ್ಯಾಕಿನ ಒಂದು ಸುತ್ತು 2.1 ಕಿಲೋಮೀಟರ್. ಮೊದಲ ಸೆಷನ್ನಿನಲ್ಲಿ ನಾನು ಹಲ್ಲು ಕಿರಿದುಕೊಂಡೇ ಓಡಿಸಿದೆ. ನೇರ ಹಲ್ಲಿನ ಗೇರು ಕೂಗುವ ಸದ್ದು ಇದೆಯಲ್ಲ, ಅದಕ್ಕೇ ಅರ್ಧ ದುಡ್ಡು ಕೊಡಬಹುದು. ಎರಡನೇ ಸೆಷನ್ನಿನಲ್ಲಿ ಮೂರನೇ ಗೇರು ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರತೊಡಗಿತು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಟಕ್ ಅಂತ ಹೊರಗೆ. ನಾನೇನು ಮಾಡಿದೆ? ಗಾಡಿ ನಿಲ್ಲಿಸಿ ಬಿಚ್ಚಿ ನೋಡುವುದು ಬಿಟ್ಟು, ಎಡಗೈಯಲ್ಲಿ ಲಿವರ್ ಹಿಡಿದುಕೊಂಡು ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿದೆ. ಟ್ರ್ಯಾಕಿನ ಫೀಸು ಕಟ್ಟಿದ್ದೆ ನೋಡಿ, ವೇಸ್ಟ್ ಆಗಬಾರದಲ್ಲ.

ಮೂರನೇ ಸೆಷನ್, ನಾಲ್ಕನೇ ಸುತ್ತು. ಮೂರನೇ ಗೇರಿನಲ್ಲಿ ಸುಮಾರು 130 ಕಿಲೋಮೀಟರ್ ವೇಗ. ಸದ್ದು ಏನೂ ದೊಡ್ಡದಲ್ಲ. ತೆಂಗಿನಕಾಯಿ ಒಡೆದ ಹಾಗೆ ಒಂದು. ಆಮೇಲೆ ಮುಂದಿನ ಎರಡೂ ಚಕ್ರ ಗಕ್ಕನೆ ನಿಂತವು. ಕ್ಲಚ್ ಒತ್ತಿದೆ, ಏನೂ ಆಗಲಿಲ್ಲ. ಆಗುವುದೂ ಇಲ್ಲ. ಮುರಿದ ಹಲ್ಲು ಎರಡು ಗೇರಿನ ನಡುವೆ ಸಿಕ್ಕಿಕೊಂಡರೆ ಚಕ್ರದ ಕಡೆಯ ಶಾಫ್ಟೇ ಬಿಗಿಯುತ್ತದೆ. ಕ್ಲಚ್ ಬಿಡಿಸುವುದು ಎಂಜಿನ್ನನ್ನು ಮಾತ್ರ. ಸಿಕ್ಕಿದ ಹಲ್ಲು ಶಾಫ್ಟುಗಳನ್ನು ಅಗಲಿಸಿತು, ಅಲ್ಯೂಮಿನಿಯಂ ಕೇಸಿಂಗ್ ಸೀಳಿತು, ಎಣ್ಣೆ ಟೈರಿನ ಮೇಲೆ. ಕಾರು ಎರಡು ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎಣ್ಣೆ ಒರೆಸಿ ಪುಡಿ ಹಾಕಲು ಅರ್ಧ ಗಂಟೆ ಹಿಡಿಯಿತು. ದೂರದಿಂದ ಬಂದ ಹುಡುಗರ ಸೆಷನ್ ನನ್ನಿಂದ ಹಾಳಾಯಿತು. ಅವರ ಮುಖ ನೋಡಲು ಆಗಲಿಲ್ಲ.

ನನ್ನದು ಮುಂದಿನ ಚಕ್ರ ಎಳೆಯುವ ಕಾರು. ಗೇರ್‌ಬಾಕ್ಸ್ ಬಾನೆಟ್ ಕೆಳಗೆ, ನನ್ನಿಂದ ದೂರ. ಹಳೇ ಕಾಲದ ಡ್ರ್ಯಾಗ್‌ಸ್ಟರ್‌ಗಳಲ್ಲಿ (ನೇರ ದಾರಿಯಲ್ಲಿ ಚಿಕ್ಕ ದೂರ ಓಡುವ ರೇಸ್ ಕಾರುಗಳು) ಅದು ಓಡಿಸುವವನ ಎರಡು ಕಾಲಿನ ನಡುವೆ ಇರುತ್ತಿತ್ತು. 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಅಮೆರಿಕದ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಎರಡು ಸ್ಪೀಡಿನ ಗೇರ್‌ಬಾಕ್ಸ್ ಸ್ಟಾರ್ಟಿಂಗ್ ಲೈನಿನಲ್ಲೇ ಸಿಡಿಯಿತು. ಕಾರು ಎರಡು ತುಂಡು. ಅವರ ಬಲಪಾದದ ಒಂದು ಭಾಗವೇ ಹೋಯಿತು. ಅದಾದ ಮೇಲೆಯೇ ಅವರು ಎಂಜಿನ್ನನ್ನು ಬೆನ್ನ ಹಿಂದೆ ಇಟ್ಟ ಕಾರು ಕಟ್ಟಿ 1971ರಲ್ಲಿ ಗೆಲ್ಲತೊಡಗಿದ್ದು. ಡ್ರ್ಯಾಗ್ ರೇಸಿನ ರೂಪವೇ ಬದಲಾಯಿತು. ನಿಮ್ಮದು ಹಿಂದಿನ ಚಕ್ರ ಎಳೆಯುವ ಕಾರಾಗಿದ್ದರೆ, ಗೇರ್‌ಬಾಕ್ಸ್ ನಿಮ್ಮ ಮೊಣಕಾಲಿನ ಪಕ್ಕ ಇದ್ದರೆ, ಅದರ ಸುತ್ತ ಸಿಡಿತ ತಡೆಯುವ ಕವಚ ಇಲ್ಲದೆ ಟ್ರ್ಯಾಕಿಗೆ ಇಳಿಯಲೇಬೇಡಿ.

ವಾಪಸ್ ಬಂದು ಶೆಡ್ಡಿಗೆ ಫೋನ್ ಮಾಡಿದೆ. "ಕ್ಲಚ್ ಒತ್ತದೆ ಹಾಕಿರ್ತೀರ ಸಾರ್" ಅಂದರು. ಡಾಗ್ ಗೇರನ್ನು ಮೇಲಕ್ಕೆ ಹಾಕುವಾಗ ಕ್ಲಚ್ ಒತ್ತದೆ ಹಾಕುವುದು ಮಾಮೂಲು ಅಂತ ಅವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಅಂದರೋ. ಎರಡನೇ ಸಲ ಫೋನ್ ಎತ್ತಲಿಲ್ಲ.

ನಮ್ಮ ಬೀದಿಯಲ್ಲಿ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಇಡೀ ಸರ್ವೀಸ್ ಕಳೆದ ಒಬ್ಬ ಯಜಮಾನರಿದ್ದಾರೆ. ಮುರಿದ ಗೇರನ್ನು ಅವರ ಮನೆಗೆ ತೆಗೆದುಕೊಂಡು ಹೋದೆ. ಮುರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರು. ಏನೂ ಹೇಳದೆ ಹಿತ್ತಲಿನ ಗ್ರೈಂಡರ್ ಆನ್ ಮಾಡಿ ಒಂದು ಅಂಚು ತಾಗಿಸಿದರು. ಕಿಡಿ ಉದ್ದಕ್ಕೆ ಹಾರಿ ತುದಿಯಲ್ಲಿ ಸುರುಸುರುಬತ್ತಿ ತರಹ ಕವಲೊಡೆಯಿತು. "ಯಾವನಪ್ಪಾ ಇದನ್ನ ಇಎನ್ 36 ಅಂದವನು?" ಅಂದರು. ಕಾರ್ಬನ್ ಜಾಸ್ತಿ ಇದ್ದರೆ ಕಿಡಿ ಹಾಗೆ ಕವಲೊಡೆಯುತ್ತದಂತೆ.

ಉಕ್ಕಿನಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಹೇಳುವ ಸ್ಪೆಕ್ಟ್ರೋ ಟೆಸ್ಟ್ ಮಾಡಿಸಿದೆ. ಪೀಣ್ಯದಲ್ಲೇ ಲ್ಯಾಬುಗಳಿವೆ. ಒಂದು ಲಕ್ಷ ನಲವತ್ತು ಸಾವಿರ ಸುರಿದವನು, ಸಾವಿರ ಚಿಲ್ಲರೆಯ ಈ ಟೆಸ್ಟನ್ನು ಮೊದಲೇ ಮಾಡಿಸಲಿಲ್ಲ. ಇಎನ್ 36ರಲ್ಲಿ ನಿಕ್ಕಲ್ 3 ಪರ್ಸೆಂಟ್‌ಗಿಂತ ಜಾಸ್ತಿ ಇರಬೇಕು, ಕಾರ್ಬನ್ 0.2ಕ್ಕಿಂತ ಕಡಿಮೆ. ನನ್ನದರಲ್ಲಿ ಕಾರ್ಬನ್ 0.41. ನಿಕ್ಕಲ್ ಹೆಸರಿಗೆ ಮಾತ್ರ. ಅಂದರೆ ಇಎನ್ 8, ಸಾಮಾನ್ಯ ಶಾಫ್ಟು, ಬೋಲ್ಟುಗಳಿಗೆ ಬಳಸುವ ಉಕ್ಕು.

ಹಾಗಾದರೆ ಗಡಸುತನ 60 ಹೇಗೆ ಬಂತು? ಯಜಮಾನರು ಅದನ್ನು ತಿಂಡಿಯಲ್ಲಿ ವಿವರಿಸಿದರು. ಒಳ್ಳೇ ಗೇರು ಉದ್ದಿನ ವಡೆ ಇದ್ದ ಹಾಗೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಕಾರ್ಬನ್ ಕಡಿಮೆ ಇರುವ ಉಕ್ಕನ್ನು 900 ಡಿಗ್ರಿ ದಾಟಿದ ಕುಲುಮೆಯಲ್ಲಿಟ್ಟು ಹೊರ ಚರ್ಮಕ್ಕೆ ಮಾತ್ರ, ಒಂದು ಮಿಲಿಮೀಟರ್ ಆಳದಷ್ಟು, ಕಾರ್ಬನ್ ಕುಡಿಸುತ್ತಾರೆ. ಆಮೇಲೆ ಎಣ್ಣೆಯಲ್ಲಿ ಅದ್ದಿದರೆ ಚರ್ಮ 60 ಆಗುತ್ತದೆ, ಒಳಗಿನ ತಿರುಳು 30, 40ರ ಆಸುಪಾಸಿನಲ್ಲೇ ಉಳಿಯುತ್ತದೆ. ಏಟು ಬಿದ್ದಾಗ ತಡೆದುಕೊಳ್ಳುವುದು ಆ ತಿರುಳು. ಇಎನ್ 8ರಲ್ಲಿ ಮೊದಲೇ ಒಳಗೆಲ್ಲ ಕಾರ್ಬನ್ ಇದೆ. ಅದಕ್ಕೂ ಇದೇ ಪಾಕ ಮಾಡಿದರೆ ಹಲ್ಲಿನಂಥ ತೆಳು ಭಾಗ ಒಳಗೂ ಹೊರಗೂ ಗಡುಸಾಗುತ್ತದೆ. "ಇದು ವಡೆ ಅಲ್ಲಪ್ಪ, ನಿಪ್ಪಟ್ಟು" ಅಂದರು. ಹಲ್ಲು ಕೊಯ್ದು ಒಳಗೆ ಅಳೆಸಿದಾಗ 52 ಬಂತು. ಹೊರಗಿನ 60 ಎರಡು ಉಕ್ಕಿಗೂ ಬರುತ್ತದೆ, ಅದೊಂದನ್ನೇ ನೋಡಿ ದುಡ್ಡು ಕೊಡಬೇಡಿ.

ಅವರು ಇನ್ನೂ ಎರಡು ಹುಳುಕು ತೆಗೆದರು. ಒಂದು, ಡಾಗಿನ ಗೂಟಗಳ ಪಕ್ಕ ಕೆಲವು ಡಿಗ್ರಿ ಒಳಮುಖ ಓರೆ ಇರಬೇಕು, ಎಳೆತ ಬಿದ್ದಷ್ಟೂ ಒಂದನ್ನೊಂದು ಬಿಗಿಯಾಗಿ ಹಿಡಿಯಲು. ನನ್ನವು ನೆಟ್ಟಗೆ ಕೊಯ್ದಿದ್ದವು. ಗೇರು ಜಾರುತ್ತಿದ್ದದ್ದು ಅದಕ್ಕೇ.

ಇನ್ನೊಂದು ನಮ್ಮ ಸ್ಯಾಂಪಲ್ ನೋಡಿ ಕೊಯ್ಯುವ ಪದ್ಧತಿಯ ತಪ್ಪು. ಎರಡು ಶಾಫ್ಟಿನ ನಡುವಿನ ಅಂತರ ಕೇಸಿಂಗಿನಲ್ಲಿ ನಿಗದಿಯಾಗಿರುತ್ತದೆ, ಬದಲಾಯಿಸಲು ಆಗುವುದಿಲ್ಲ. ಓರೆ ಹಲ್ಲಿನ ಜೋಡಿ ಅದೇ ಮಾಡ್ಯೂಲಿನ (ಹಲ್ಲಿನ ಗಾತ್ರದ ಅಳತೆ) ನೇರ ಹಲ್ಲಿಗಿಂತ ಹೆಚ್ಚು ಜಾಗ ತುಂಬುತ್ತದೆ. ಉದಾಹರಣೆಗೆ ಮಾಡ್ಯೂಲ್ 2.25, ಓರೆ 30 ಡಿಗ್ರಿ, ಎರಡೂ ಸೇರಿ 60 ಹಲ್ಲು ಇದ್ದರೆ ಅಂತರ ಸುಮಾರು 77.9 ಮಿಲಿಮೀಟರ್. ನೇರ ಹಲ್ಲಿನಲ್ಲಿ ಅಲ್ಲಿಗೆ ಮುಟ್ಟಲು 69 ಹಲ್ಲು ಬೇಕು, ಆಗಲೂ 77.6ಕ್ಕೇ ನಿಲ್ಲುತ್ತದೆ. ಉಳಿದ 0.3 ಮಿಲಿಮೀಟರನ್ನು ಹಲ್ಲಿನ ಆಕಾರ ಸ್ವಲ್ಪ ಹೊರಕ್ಕೆ ಸರಿಸಿ ತುಂಬಬೇಕು. ಇದಕ್ಕೆ ಲೆಕ್ಕ ಬೇಕು, ಡ್ರಾಯಿಂಗ್ ಬೇಕು. "ನೋಡಿದ್ರೆ ಸಾಕು" ಅನ್ನುವವರು ಹಾಗೇ ಬಿಡುತ್ತಾರೆ. ಆಗ ಹಲ್ಲಿನ ನಡುವೆ ಸಡಿಲ ಜಾಸ್ತಿಯಾಗಿ, ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ಸುತ್ತಿಗೆ ಏಟು. ನಿಪ್ಪಟ್ಟಿಗೆ ಸುತ್ತಿಗೆ ಏಟು.

ಹೆಸರು ಹಾಕದಿರಲು ಕಾರಣವೂ ಯಜಮಾನರೇ. "ಮೋಸ ಮಾಡಿದಾನೆ ಅಂತ ಹೇಗೆ ಹೇಳ್ತೀಯ? ಹೆಲ್ಪರ್ ಹುಡುಗ ಪಕ್ಕದ ಸರಳು ಎತ್ತಿ ಗರಗಸಕ್ಕೆ ಕೊಟ್ಟಿರಬಹುದು" ಅಂದರು. ಇರಬಹುದು. ನನಗೆ ಸಿಟ್ಟು ಹೋಗಿಲ್ಲ, ಆದರೆ ಅವರ ಮಾತಿಗೆ ಎದುರು ಹೇಳಲು ನನ್ನ ಹತ್ತಿರ ಸಾಕ್ಷಿಯೂ ಇಲ್ಲ.

ಈಗ ಎರಡನೇ ಸಲ ಮಾಡಿಸುತ್ತಿದ್ದೇನೆ, ಪೀಣ್ಯದಲ್ಲೇ, ಬೇರೆ ಶೆಡ್. ಮೊದಲು ಡ್ರಾಯಿಂಗ್ ಆಯಿತು. ಸರಳು ನಾನೇ ಕೊಂಡೆ, ಬಣ್ಣದ ತುದಿಯ ಸಮೇತ. ಒಂದು ಬಿಲ್ಲೆ ಕೊಯ್ಸಿ ಸ್ಪೆಕ್ಟ್ರೋಗೆ ಕಳಿಸಿ, ರಿಪೋರ್ಟ್ ಬಂದ ಮೇಲೇ ಉಳಿದದ್ದನ್ನು ತುಂಡು ಮಾಡಿಸಿದ್ದು. ಪ್ರತಿ ತುಂಡಿಗೂ ನನ್ನ ಎದುರೇ ನಂಬರ್ ಗುದ್ದಿಸಿದೆ. ಅದೇ ಸರಳಿನ ಒಂದು ಚಿಕ್ಕ ತುಂಡು ಗೇರುಗಳ ಜೊತೆಗೇ ಕುಲುಮೆಗೆ ಹೋಗುತ್ತದೆ. ಹೊರಬಂದ ಮೇಲೆ ಅದನ್ನು ಕೊಯ್ದು ಒಳಗಿನ ಗಡಸುತನ, ಚರ್ಮದ ಆಳ ಎರಡೂ ಅಳೆಸುತ್ತೇನೆ. ಬಾಕಿ ಹಣ ಆ ರಿಪೋರ್ಟಿನ ಮೇಲೆ ಅಂತ ಪಕ್ಕಾ ಆರ್ಡರಿನಲ್ಲೇ ಬರೆಸಿದ್ದೇನೆ. ಶೆಡ್ಡಿನವರು ಬೇಸರ ಮಾಡಿಕೊಳ್ಳಲಿಲ್ಲ. "ಹೀಗೆ ಕೇಳೋರೇ ಇಲ್ಲ ಸಾರ್" ಅಂತ ಕಾಫಿ ತರಿಸಿದರು.

ಗೇರು ಮುಂದಿನ ವಾರ ಕುಲುಮೆಗೆ ಹೋಗುತ್ತದೆ. ಹಳೇ ಕೇಸಿಂಗಿಗೆ ವೆಲ್ಡಿಂಗ್ ಮಾಡಿಸಿದ್ದೆ, ಯಜಮಾನರು ಬೇರಿಂಗ್ ಕೂರುವ ಜಾಗಕ್ಕೆ ಡಯಲ್ ಗೇಜ್ ಹಿಡಿದು ನೋಡಿ, ಸರಿಯಿಲ್ಲ ಅಂತ ತಲೆ ಅಲ್ಲಾಡಿಸಿದರು. ಹಾಗಾಗಿ ಯಾರ ಹತ್ತಿರವಾದರೂ ಬಿರುಕಿಲ್ಲದ ಎಸ್ಟೀಮ್ ಗೇರ್‌ಬಾಕ್ಸ್ ಕೇಸಿಂಗ್ ಇದ್ದರೆ ದಯವಿಟ್ಟು ತಿಳಿಸಿ. ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಹುಡುಕಿದೆ, ಸಿಕ್ಕಿಲ್ಲ.