ಫ್ಲ್ಯಾಟ್ ನೋಡಲು ಬೆಳಿಗ್ಗೆ ಹೋಗಬೇಡಿ, ಸಂಜೆ ನಾಲ್ಕಕ್ಕೆ ಹೋಗಿ

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ.

ನಾವು 2023ರ ಡಿಸೆಂಬರ್‌ನಲ್ಲಿ ಕನಕಪುರ ರಸ್ತೆ ಕಡೆ ಎರಡು ಬೆಡ್‌ರೂಮಿನ ಮನೆ ಕೊಂಡೆವು. ಏಳನೇ ಮಹಡಿ, ಅದೇ ಕೊನೆಯದು. ನೋಡಲು ಹೋಗಿದ್ದು ನವೆಂಬರ್‌ನ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಗೆ. ತಣ್ಣನೆ ಹವೆ, ಹಾಲ್ ತುಂಬಾ ಬೆಳಕು. ಬೆಡ್‌ರೂಮಿನ ಒಂದು ಗೋಡೆಗೆ ಮೇಲಿಂದ ಕೆಳಗಿನವರೆಗೂ ಗಾಜು. ಬ್ರೋಷರಿನಲ್ಲಿ ಎಲೆಯ ಚಿತ್ರ ಹಾಕಿ, ಕರೆಂಟ್ ಉಳಿಸುವ ಹಸಿರು ಮನೆ ಎಂದು ಅಚ್ಚು ಹಾಕಿಸಿದ್ದರು. ‘ಸಾರ್, ಇಲ್ಲಿ ಫ್ಯಾನ್ ಕೂಡ ಬೇಕಾಗಲ್ಲ’ ಎಂದ ತೋರಿಸಲು ಬಂದ ಹುಡುಗ. ನವೆಂಬರ್‌ನಲ್ಲಿ ಬೆಂಗಳೂರಿನ ಯಾವ ಮನೆಗೂ ಫ್ಯಾನ್ ಬೇಕಾಗಲ್ಲ, ಅಲ್ವಾ? ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಏಪ್ರಿಲ್ ಬಂತು. 2024ರ ಆ ಏಪ್ರಿಲ್ ನಿಮಗೂ ನೆನಪಿರುತ್ತದೆ. ಟ್ಯಾಂಕರ್ ನೀರಿಗೆ ಕಾಯುತ್ತಿದ್ದ ದಿನಗಳು. ಮಳೆಯ ಸುಳಿವಿಲ್ಲ, ತಿಂಗಳ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಅರಸೀಕೆರೆಯಿಂದ ಅಮ್ಮ ಬಂದಿದ್ದರು. ಎರಡನೇ ದಿನವೇ ಹೇಳಿದರು: ‘ಇಡ್ಲಿ ಪಾತ್ರೆಯೊಳಗೆ ಕೂತ ಹಾಗಿದೆ ಕಣೋ. ನಮ್ಮ ಹೆಂಚಿನ ಮನೆಯೇ ಎಷ್ಟೋ ವಾಸಿ.’ ಬಿಸಿಲಿನ ಊರಿನಿಂದ ಬಂದವರು ಈ ಮಾತು ಹೇಳಿದರು.

ಒಂದು ರಾತ್ರಿ ಹನ್ನೊಂದು ಗಂಟೆಗೆ ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದ್ದೆ. ಅಂಗೈ ತಾರಸಿಗೆ ತಾಗಿತು. ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. ಸೂರ್ಯ ಮುಳುಗಿ ನಾಲ್ಕು ಗಂಟೆಯ ಮೇಲಾಗಿದೆ, ಕಾಂಕ್ರೀಟ್ ಇನ್ನೂ ಕಾವು ಬಿಡುತ್ತಿದೆ. ಆಗ ನನಗೆ ವಿಷಯ ಅರ್ಥವಾಯಿತು. ಕೋಣೆಯ ಥರ್ಮಾಮೀಟರ್ 31 ತೋರಿಸುತ್ತದೆ, 31ಕ್ಕೆ ಇಷ್ಟು ಸಂಕಟ ಆಗಬಾರದು. ಆದರೆ ಅದು ತೋರಿಸುವುದು ಗಾಳಿಯ ಬಿಸಿ ಮಾತ್ರ. ನಮ್ಮ ಮೈಗೆ ತಾರಸಿಯಿಂದ, ಗೋಡೆಯಿಂದ, ಗಾಜಿನಿಂದ ನೇರವಾಗಿ ಬರುವ ಕಾವೂ ಲೆಕ್ಕವೇ. ಗಾಳಿ ಓಡಾಡುತ್ತಿದೆಯೇ, ತೇವ ಎಷ್ಟಿದೆ ಎನ್ನುವುದೂ ಲೆಕ್ಕವೇ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ನೆರಳಿಲ್ಲದ ದಿನ ಬರುತ್ತದಲ್ಲ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆ ಬಿಸಿಲನ್ನು ಪೂರ್ತಿಯಾಗಿ ತಿನ್ನುವುದು ತಾರಸಿ. ಕೊನೆಯ ಮಹಡಿ ಕೊಳ್ಳುವವರು ತಾರಸಿಯ ಮೇಲೆ ಏನು ಹಾಕಿದ್ದಾರೆ ಎಂದು ಹತ್ತಿ ನೋಡಲೇಬೇಕು. ನಮ್ಮದರ ಮೇಲೆ ಬರೀ ಸಿಮೆಂಟ್ ಗಾರೆ ಇತ್ತು, ಅದೂ ಕಪ್ಪಾಗಿತ್ತು.

ಇನ್ನು ಗಾಜು. ನಮ್ಮ ಬೆಡ್‌ರೂಮ್ ಪಶ್ಚಿಮಕ್ಕೆ. ದಕ್ಷಿಣದ ಕಿಟಕಿಯಾದರೆ ಮೇಲೊಂದು ಸಜ್ಜಾ ಇದ್ದರೆ ಸಾಕು, ಸೂರ್ಯ ಎತ್ತರದಲ್ಲಿರುವುದರಿಂದ ನೆರಳು ಬೀಳುತ್ತದೆ. ಪಶ್ಚಿಮದಲ್ಲಿ ಹಾಗಲ್ಲ. ಮೂರು ಗಂಟೆಯ ಮೇಲೆ ಸೂರ್ಯ ಕೆಳಗಿಳಿದು ಸಜ್ಜಾದ ಅಡಿಯಿಂದಲೇ ಒಳಗೆ ನುಗ್ಗುತ್ತಾನೆ. ದಪ್ಪ ಕರ್ಟನ್ ಹಾಕಿದೆವು. ಪ್ರಯೋಜನ ಅಷ್ಟಕ್ಕಷ್ಟೇ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಕರ್ಟನ್ ಕಾಯುತ್ತದೆ, ಆ ಕಾವು ಕೋಣೆಯಲ್ಲೇ ಉಳಿಯುತ್ತದೆ. ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು.

ನಾವು ಮಾಡಿದ ದೊಡ್ಡ ತಪ್ಪು ಇದರ ನಂತರದ್ದು. ಕರೆಂಟ್ ಉಳಿಸಿಕೊಡುತ್ತೇವೆ ಎಂದು ಒಬ್ಬ ಕಂಟ್ರಾಕ್ಟರ್ ಬಂದ. ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ. ಕಿಟಕಿಗಳ ಸಂದು, ಬಾಗಿಲ ಮೇಲಿದ್ದ ಸಣ್ಣ ವೆಂಟಿಲೇಟರ್, ಎಲ್ಲವನ್ನೂ ಸಿಲಿಕೋನ್ ಅಂಟು ಹಾಕಿ ಮುಚ್ಚಿದ. ಎರಡು ಏಸಿ ಕೂರಿಸಿದ. ಎಲ್ಲಾ ಸೇರಿ 1,40,000 ರೂಪಾಯಿ. ‘ತಣ್ಣನೆ ಗಾಳಿ ಸ್ವಲ್ಪವೂ ಆಚೆ ಹೋಗಲ್ಲ ಸಾರ್’ ಎಂದ. ಹೋಗಲಿಲ್ಲ, ನಿಜ. ಹೊಸ ಗಾಳಿ ಒಳಗೂ ಬರಲಿಲ್ಲ.

ಇದು ಬಹಳ ಜನರಿಗೆ ಗೊತ್ತಿಲ್ಲ. ಮನೆಗಳಲ್ಲಿ ಹಾಕಿಸುವ ಮಾಮೂಲಿ ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಬಿಡುತ್ತದೆ. ನಾವು ನಾಲ್ಕು ಜನ, ಇಬ್ಬರು ಮಕ್ಕಳೂ ಸೇರಿ, ಬಾಗಿಲು ಹಾಕಿಕೊಂಡು ಅದೇ ಗಾಳಿ ಉಸಿರಾಡುತ್ತಿದ್ದೆವು. ಬೆಳಿಗ್ಗೆ ಎದ್ದರೆ ತಲೆ ಭಾರ. ಚಿಕ್ಕವಳು ದಿನಾ ತಲೆನೋವು ಎನ್ನುತ್ತಿದ್ದಳು. ಸ್ಕೂಲಿಗೆ ಹೋಗದಿರಲು ನೆಪ ಎಂದು ಬೈದಿದ್ದೆ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಆಫೀಸಿನ ಗೆಳೆಯ ಇಂಗಾಲದ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಕೊಟ್ಟ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಪಾಲಿಗೆ 420ರಷ್ಟು ಇರುತ್ತದೆ. ಒಳಗೆ 1000 ದಾಟಿದರೆ ಗಾಳಿ ಸರಿಯಾಗಿ ಬದಲಾಗುತ್ತಿಲ್ಲ ಎಂದು ಲೆಕ್ಕ. ಬೆಳಗಿನ ಐದಕ್ಕೆ ನಮ್ಮ ಮಂಚದ ಪಕ್ಕ 2800 ತೋರಿಸಿತು. ಅವತ್ತೇ ಬ್ಲೇಡ್ ತಂದು ಸಿಲಿಕೋನ್ ಕಿತ್ತು ಹಾಕಿದೆ.

ಬಿಲ್ಲಿನ ಕತೆಯೂ ಕೇಳಿ. ಏಸಿ 24ರಲ್ಲಿಟ್ಟರೆ ಸಾಕಾಗುತ್ತಿರಲಿಲ್ಲ, ತಾರಸಿ ಮೇಲಿಂದ ಕಾಯಿಸುತ್ತಿತ್ತಲ್ಲ, 20ಕ್ಕೆ ಇಳಿಸುತ್ತಿದ್ದೆವು. ತಿಂಗಳಿಗೆ 200 ಯೂನಿಟ್ ದಾಟಿತು. ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು.

ಹಾಗಾದರೆ ಕಿಟಕಿ ತೆರೆದು ಮಲಗಬಹುದಿತ್ತಲ್ಲ ಎಂದು ಕೇಳಬಹುದು. ಆ ದೊಡ್ಡ ಗಾಜಿನಲ್ಲಿ ಮೂರನೇ ಎರಡು ಭಾಗ ತೆರೆಯುವುದೇ ಇಲ್ಲ. ಉಳಿದದ್ದು ಸ್ಲೈಡಿಂಗ್, ಅದರಲ್ಲಿ ಅರ್ಧ ಮಾತ್ರ ತೆರೆಯುತ್ತದೆ. ಟೇಪ್ ಹಿಡಿದು ಇಡೀ ಮನೆ ಅಳೆದೆ. ಮನೆಗಳಿಗಾಗಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಇದೆ. ಬೆಂಗಳೂರಿನಂಥ ಹಿತವಾದ ಹವೆಯ ಊರಿಗೆ, ಕಾರ್ಪೆಟ್ ಏರಿಯಾದ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ, ಶೇಕಡ 12.5ರಷ್ಟಾದರೂ ತೆರೆಯುವ ಜಾಗ ಇರಬೇಕು ಎನ್ನುತ್ತದೆ. ಗಮನಿಸಿ, ಗಾಜಿನ ಅಳತೆ ಅಲ್ಲ, ತೆರೆಯುವ ಜಾಗದ ಅಳತೆ. 960 ಚದರಡಿಯ ನಮ್ಮ ಮನೆಗೆ 120 ಚದರಡಿ ಬೇಕಿತ್ತು. ಸಿಕ್ಕಿದ್ದು 70.

ಜೊತೆಗೆ, ತೆರೆದ ಕಿಟಕಿಯಿಂದ ಬಂದ ಗಾಳಿಗೆ ಆಚೆ ಹೋಗಲು ದಾರಿ ಇರಲಿಲ್ಲ. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ, ಚಳಿಗಾಲದಲ್ಲಿ ಪೂರ್ವದಿಂದ. ಒಂದು ಕಡೆ ಬಂದು ಇನ್ನೊಂದು ಕಡೆ ಹೋದರೆ ಮನೆ ತಂಪು. ನಮ್ಮ ಪೂರ್ವಕ್ಕೆ ಇರುವುದು ಕಾರಿಡಾರ್. ಅಡುಗೆಮನೆ, ಬಾತ್‌ರೂಮಿನ ಕಿಟಕಿಗಳು ತೆರೆಯುವುದು ಡಕ್ಟಿಗೆ, ಅಂದರೆ ಕಟ್ಟಡದೊಳಗೆ ಕೆಳಗಿನಿಂದ ಮೇಲಿನವರೆಗೂ ಬಿಟ್ಟಿರುವ ಕಿರಿದಾದ ಖಾಲಿ ಜಾಗಕ್ಕೆ. ಮಳೆ ಬೀಳದಿರಲಿ ಎಂದು ಡಕ್ಟಿನ ತಲೆಗೆ ಫೈಬರ್ ಶೀಟ್ ಹೊದಿಸಿದ್ದಾರೆ, ಸಂದು ಒಂದು ಗೇಣೂ ಇಲ್ಲ. ಬಿಸಿ ಗಾಳಿ ಮೇಲೇರುತ್ತದೆ, ದಾರಿ ಸಿಗದೆ ಅಲ್ಲೇ ನಿಲ್ಲುತ್ತದೆ. ನಾಲ್ಕನೇ ಮಹಡಿಯ ಒಗ್ಗರಣೆ ವಾಸನೆ ನಮ್ಮ ಬಾತ್‌ರೂಮಿಗೆ ಬರುತ್ತದೆ.

ದಯವಿಟ್ಟು ನೀವು ಹೀಗೆ ಮಾಡಿ. ಮನೆ ನೋಡಲು ಬೇಸಿಗೆಯಲ್ಲಿ, ಸಂಜೆ ನಾಲ್ಕಕ್ಕೆ ಹೋಗಿ. ಜೇಬಿನಲ್ಲಿ ಊದುಬತ್ತಿ ಇಟ್ಟುಕೊಳ್ಳಿ. ಕಿಟಕಿ, ಬಾಗಿಲು ತೆರೆಸಿ ಕೋಣೆಯ ನಡುವೆ ಹಚ್ಚಿ ಹಿಡಿಯಿರಿ. ಹೊಗೆ ಒಂದು ಕಡೆಗೆ ಬಾಗಿ ಹೋಗುತ್ತಿದ್ದರೆ ಆ ಮನೆಯಲ್ಲಿ ಗಾಳಿ ಆಡುತ್ತದೆ. ನೆಟ್ಟಗೆ ಮೇಲೇರಿ ತಾರಸಿಗೆ ಬಡಿದು ಹರಡಿದರೆ ಇನ್ನೊಮ್ಮೆ ಯೋಚಿಸಿ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಬಣ್ಣ, ಟೈಲ್ಸು, ಅಡುಗೆಮನೆಯ ಕಟ್ಟೆ ಎಲ್ಲಾ ಆಮೇಲೆ ಬದಲಾಯಿಸಬಹುದು. ಮನೆ ಯಾವ ದಿಕ್ಕಿಗಿದೆ ಎನ್ನುವುದನ್ನು ಬದಲಾಯಿಸಲು ಆಗಲ್ಲ.

ಈಗಾಗಲೇ ಸಿಕ್ಕಿಕೊಂಡವರಿಗೆ, ನಮಗೆ ಏನು ಕೆಲಸಕ್ಕೆ ಬಂತು ಎಂದು ಹೇಳುತ್ತೇನೆ. ತಾರಸಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಹೊಡೆಸಿದೆವು, ಹಳೆಯ ಕಾಲದ ಸುಣ್ಣದ ಉಪಾಯವೇ. ರಾತ್ರಿ ತಾರಸಿ ಮುಟ್ಟಿದರೆ ಈಗ ಕೈಗೆ ಅಷ್ಟು ಕಾವಿಲ್ಲ. ಹಾಲಿನ ಕಿಟಕಿಯ ಹೊರಗೆ ಬಿದಿರಿನ ಪರದೆ ಇಳಿಬಿಟ್ಟೆವು. 75 ವ್ಯಾಟಿನ ಹಳೆಯ ಫ್ಯಾನ್ ತೆಗೆದು 30 ವ್ಯಾಟಿನ ಹೊಸದು ಹಾಕಿದೆವು. ಗಾಳಿ ಮೈಗೆ ಆಡಿದರೆ ಎರಡು ಮೂರು ಡಿಗ್ರಿ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಬಾಗಿಲ ಮೇಲಿನ ವೆಂಟಿಲೇಟರ್ ಮತ್ತೆ ತೆರೆದಿದೆ. ಏಸಿ ಹಾಕುವುದು ವರ್ಷಕ್ಕೆ ಕೆಲವೇ ದಿನ, ಹಾಕಿದಾಗಲೂ ಕಿಟಕಿ ಒಂದು ಬೆರಳಷ್ಟು ತೆರೆದಿರುತ್ತದೆ. ಚಿಕ್ಕವಳ ತಲೆನೋವು ನಿಂತಿದೆ.

ಡಕ್ಟಿನ ಶೀಟನ್ನು ಎರಡಡಿ ಮೇಲೆತ್ತಲು ಅಸೋಸಿಯೇಷನ್ ಒಪ್ಪಿತು. ಒಪ್ಪಿಸಲು ಹನ್ನೊಂದು ತಿಂಗಳು ಹಿಡಿಯಿತು. ಬೆಡ್‌ರೂಮಿನ ಗಾಜಿನ ಹೊರಗೆ ಪರದೆ ಕಟ್ಟಲು ಮಾತ್ರ ಬಿಡುತ್ತಿಲ್ಲ. ಕಟ್ಟಡದ ಮುಂಭಾಗದ ಅಂದ ಕೆಡುತ್ತದಂತೆ.